ಫ್ರಿಜ್ಜಿನ ಬಾಗಿಲ ಮೇಲಿನ ವಲೇರಿಯನ್

ಮೊನ್ನೆ ನಮ್ಮ ಫ್ರಿಜ್ಜು ರಿಪೇರಿ ಮಾಡಲು ಬಂದ ಮನುಷ್ಯ ಕೆಲಸ ಮುಗಿಸಿ, ಮರ್ಯಾದೆಗೆಂದು ಬಾಗಿಲನ್ನೂ ಒರೆಸುತ್ತ, ಒಂದು ಬಿಳಿ ಪ್ಲಾಸ್ಟರ್ ತುಂಡಿನ ಅಂಚಿಗೆ ಉಗುರು ಹಾಕಿದ. ಗಾಯಕ್ಕೆ ಅಂಟಿಸುತ್ತಾರಲ್ಲ, ಅದೇ ಪ್ಲಾಸ್ಟರ್. ಬೆರಳುದ್ದ ಇದೆ. ಅದರ ಮೇಲೆ ನೀಲಿ ಶಾಯಿಯಲ್ಲಿ, ನನ್ನ ಅಕ್ಷರದಲ್ಲಿ, ‘ವಲೇರಿಯನ್’ ಎಂದು ಬರೆದಿದೆ. ನಾನು ಒಲೆಯ ಹತ್ತಿರದಿಂದಲೇ, ಅದನ್ನು ಮುಟ್ಟಬೇಡ ಎಂದೆ. ಅವನು ಕರೆಂಟು ಹೊಡೆದವನ ಹಾಗೆ ಕೈ ಹಿಂದೆಗೆದ. ಆಸ್ಪತ್ರೆಯ ಕೆಲಸದಿಂದ ನಾನು ನಿವೃತ್ತಳಾಗಿ ಏಳು ವರ್ಷ ಕಳೆದರೂ ನನ್ನ ದನಿ ಮಾತ್ರ ಇನ್ನೂ ಸರ್ವಿಸಿನಲ್ಲಿದೆ.

ಆ ಫ್ರಿಜ್ಜಿನ ಬಾಗಿಲು ಬೇಸ್‌ಬಾಲ್ ತಂಡವೊಂದರ ಕಚೇರಿ ಎಂದರೆ ನೀವು ನಗಬಹುದು. ನಗಿ. ನನ್ನ ಅಕ್ಕತಂಗಿಯರೂ ಫೋನಿನಲ್ಲಿ ನಗುತ್ತಾರೆ. ಅರುವತ್ತೆಂಟು ವರ್ಷದ ನರ್ಸಮ್ಮ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡವಳು, ಬಹ್ರೇನಿನ ಮಾಹೂಝ್‌ನಲ್ಲಿ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಕುಳಿತು, ಯಾರನ್ನು ತಂಡದಲ್ಲಿ ಇಟ್ಟುಕೊಳ್ಳುವುದು, ಯಾರನ್ನು ಬಿಟ್ಟುಕೊಡುವುದು ಎಂದು ನಿರ್ಧರಿಸುತ್ತಾಳೆ ಎಂದರೆ ನಂಬುವುದು ಕಷ್ಟವೇ.

ಇದಕ್ಕೆಲ್ಲ ಕಾರಣ ನಮ್ಮವರು, ಡೆನಿಸ್. ಅಡುಗೆಮನೆಯ ದೊಡ್ಡ ಯಂತ್ರಗಳನ್ನು ರಿಪೇರಿ ಮಾಡುವ ಚಿಕ್ಕ ಅಂಗಡಿ ಅವರದು. ಹಿಂದೆ ಒಂದು ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದಾಗ ಅಮೆರಿಕದವರ ಜೊತೆ ಸೇರಿ ಈ ಆಟದ ಹುಚ್ಚು ಹತ್ತಿಸಿಕೊಂಡರು. ಆಮೇಲೆ ನಮ್ಮ ಕರಾವಳಿಯ ಕ್ರಿಕೆಟ್ ಆಡುವವರನ್ನು ಹಿಡಿದು ತಂದು ತಂಡ ಕಟ್ಟಿದರು. ಬುಸೈತೀನ್‌ನ ಸಮುದ್ರದ ಬದಿಯ ಮೈದಾನದಲ್ಲಿ ಶುಕ್ರವಾರ ಬೆಳಿಗ್ಗೆ ಏಳಕ್ಕೆ ಆಟ. ಜುಮ್ಮಾ ನಮಾಜಿಗೆ ಹೋಗುವವರಿದ್ದಾರೆ, ಹಾಗಾಗಿ ಹತ್ತೂವರೆಗೆ ಮುಗಿಯಲೇಬೇಕು. ಹೀಗೆ ಹೊತ್ತಿಗೆ ಸರಿಯಾಗಿ ಶುರುವಾಗಿ ಹೊತ್ತಿಗೆ ಸರಿಯಾಗಿ ಮುಗಿಯುವ ಆಟವೆಂದೇ ನಾನು ಮೊದಲು ಅದಕ್ಕೆ ಒಲಿದದ್ದು. ಕೊಡೆ, ಫ್ಲಾಸ್ಕು, ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಹೋಗಿ ಕೂರುತ್ತಿದ್ದೆ. ಫ್ಲಾಸ್ಕಿನ ಚಹಾ ಆಟ ಮುಗಿದ ಮೇಲೆ. ನಡುವೆ ಗುಟುಕೂ ಇಲ್ಲ. ಡ್ಯೂಟಿಯಲ್ಲಿ ಚಹಾ ಕುಡಿಯುವ ನರ್ಸಿನ ಕೈಯಲ್ಲಿ ರೋಗಿ ಇರುವುದಿಲ್ಲ, ಕಪ್ಪು ಇರುತ್ತದೆ ಎಂದು ನಮ್ಮ ನರ್ಸಿಂಗ್ ಶಾಲೆಯ ಸುಪರಿಂಟೆಂಡೆಂಟ್ ಸಿಸ್ಟರ್ ಹೇಳುತ್ತಿದ್ದರು. ಅವರು ಹಾಸಿಗೆಯ ಚಾದರದ ಮೂಲೆಯನ್ನು ಸ್ಕೇಲಿಟ್ಟು ಅಳೆಯುತ್ತಿದ್ದವರು. ಅವರ ಮಾತು ಮೀರಿದರೆ ಈಗಲೂ ಬೆನ್ನ ಹಿಂದೆ ಚಪ್ಪಲಿ ಸದ್ದು ಕೇಳಿದಂತಾಗುತ್ತದೆ.

ಕೂತು ನೋಡಿದರೆ ತಂಡದಲ್ಲಿ ಪಟ್ಟಿ ಎಂಬುದೇ ಇಲ್ಲ. ಒಬ್ಬನಿಗೆ ರಾತ್ರಿ ಪಾಳಿ, ಇನ್ನೊಬ್ಬ ಊರಿಗೆ ಹೋದದ್ದು ಯಾರಿಗೂ ಗೊತ್ತಿಲ್ಲ, ಒಂದು ದಿನ ಹದಿನೆಂಟು ಜನ, ಮರುವಾರ ಏಳು. ಮೂವತ್ತು ವರ್ಷ ವಾರ್ಡಿನ ಡ್ಯೂಟಿ ಲಿಸ್ಟ್ ಬರೆದ ಕೈ ತುರಿಸಿತು. ಮನೆಗೆ ಬಂದವಳೇ ಪ್ಲಾಸ್ಟರ್ ಸುರುಳಿ ಕತ್ತರಿಸಿ, ಒಂದೊಂದು ತುಂಡಿಗೂ ಒಂದೊಂದು ಹೆಸರು ಬರೆದು ಫ್ರಿಜ್ಜಿಗೆ ಅಂಟಿಸಿದೆ. ಮೇಲೆ ಆಡುವವರು, ಕೆಳಗೆ ಕಾಯುವವರು, ಬಲಗಡೆ ರಜೆಯವರು. ಮರುವಾರದಿಂದ ನಾನೇ ಮ್ಯಾನೇಜರ್. ಯಾರೂ ಆರಿಸಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ.

ಪಟ್ಟಿಯ ಹುಚ್ಚು ನನಗೆ ನರ್ಸಿಂಗ್ ಶಾಲೆಯಲ್ಲಿ ಬಂದದ್ದಲ್ಲ. ನಾವು ಆರು ಮಂದಿ ಹೆಣ್ಣುಮಕ್ಕಳು. ಅಜ್ಜಿಗೆ ಓದು ಬರೆಹ ಬಾರದು. ಅವಳು ಅಡುಗೆಮನೆಯ ಸುಣ್ಣದ ಗೋಡೆಯ ಮೇಲೆ ಇದ್ದಲಿನಿಂದ ಕೊಡ, ಅರೆಯುವ ಕಲ್ಲು, ಪೊರಕೆಗಳ ಚಿತ್ರ ಬರೆದು, ಪ್ರತಿಯೊಂದರ ಕೆಳಗೆ ನಮ್ಮ ನಮ್ಮ ಗುರುತು ಹಾಕುತ್ತಿದ್ದಳು. ನನ್ನ ಗುರುತು ಎರಡು ಜಡೆ. ಕೊಡದ ಕೆಳಗೆ ಎರಡು ಜಡೆ ಕಂಡರೆ ಆ ದಿನ ಬಾವಿಯ ಕೆಲಸ ನನ್ನದು. ಅದಲು ಬದಲು ಮಾಡಿಕೊಳ್ಳಬಹುದಿತ್ತು. ಇವತ್ತು ನನ್ನ ಮಸಾಲೆ ನೀನು ಅರೆ, ನಾಳೆ ನಿನ್ನ ನೀರು ನಾನು ಸೇದುತ್ತೇನೆ. ಮರುದಿನ ಹಿಂದಿರುಗಿಸದಿದ್ದರೆ ಅಜ್ಜಿ ಮೀನಿನ ತುಂಡನ್ನು ತಟ್ಟೆಯಿಂದ ಎತ್ತಿ ಇನ್ನೊಬ್ಬಳಿಗೆ ಹಾಕುತ್ತಿದ್ದಳು. ವಾರ್ಡಿನಲ್ಲೂ ಅದೇ ನಿಯಮ. ಡ್ಯೂಟಿ ಎಕ್ಸ್‌ಚೇಂಜ್ ಎಂದರೆ ಹಿಂತಿರುಗಿ ಬರುವಂಥದ್ದು. ಅದಲು ಬದಲು ಎಂಬುದಕ್ಕೆ ಬೇರೆ ಅರ್ಥ ಇರಬಹುದೆಂದು ನನಗೆ ಅರುವತ್ತೇಳು ವರ್ಷ ಹೊಳೆದೇ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ವಲೇರಿಯನ್. ಕಲ್ಯಾಣಪುರ ಕಡೆಯವನು, ಒಂದು ಹೋಟೆಲಿನ ಲಾಂಡ್ರಿಯಲ್ಲಿ ಮೇಸ್ತ್ರಿ, ಐವತ್ತು ದಾಟಿದವನು. ನಮ್ಮ ತಂಡ ಹುಟ್ಟಿದಾಗಿನಿಂದ ಕ್ಯಾಚರ್. ಈ ಆಟ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಬ್ಯಾಟು ಹಿಡಿದವನ ಬೆನ್ನ ಹಿಂದೆ ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರುಗಾಲಿನಲ್ಲಿ ಕೂತು, ಎಸೆದ ಚೆಂಡನ್ನು ಹಿಡಿಯುವವನು ಕ್ಯಾಚರ್. ಅವನ ತಂಡದವರೆಲ್ಲ ಒಂದು ಕಡೆಗೆ ಮುಖಮಾಡಿ ನಿಂತಿದ್ದರೆ ಅವನೊಬ್ಬ ಅವರೆಲ್ಲರ ಕಡೆಗೆ ಮುಖಮಾಡಿ ಕೂತಿರುತ್ತಾನೆ. ಇಡೀ ಮೈದಾನ ಕಾಣುವುದು ಅವನೊಬ್ಬನಿಗೆ. ವಲೇರಿಯನ್‌ನದು ಮಾತು ಕಡಿಮೆ. ಏನನ್ನೂ ಬರೆದಿಡುವವನಲ್ಲ. ಅದೊಂದು ಕಾರಣಕ್ಕೇ ನಾನು ಅವನನ್ನು ಮನಸ್ಸಿನಲ್ಲಿ ಒಂದು ಮೆಟ್ಟಿಲು ಕೆಳಗೆ ಇಟ್ಟಿದ್ದೆ ಎಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಮಂಡಿ ಬೇರೆ ಕಿರುಗುಟ್ಟುತ್ತಿತ್ತು. ಅವನು ಎದ್ದು ನಿಂತಾಗ ನನ್ನ ಕುರ್ಚಿಯವರೆಗೂ ಸದ್ದು ಕೇಳುತ್ತಿತ್ತು.

ನಮ್ಮಲ್ಲಿ ಆಟ ನವೆಂಬರಿನಿಂದ ಮಾರ್ಚಿನವರೆಗೆ. ಬೇಸಿಗೆಯಲ್ಲಿ ಈ ನೆಲದ ಮೇಲೆ ಬರಿಗಾಲಿಡಲೂ ಆಗದು. ಆ ಬಿಸಿಲಿನ ತಿಂಗಳುಗಳಲ್ಲೇ ತಂಡಗಳ ಕೊಡುವ ತೆಗೆದುಕೊಳ್ಳುವ ವ್ಯವಹಾರ. ಅಮೆರಿಕದಲ್ಲಿ ಇದು ಚಳಿಗಾಲದ ಕೆಲಸ. ನಮ್ಮವರು ಬೆಳಿಗ್ಗೆ ಐದಕ್ಕೆದ್ದು, ಫೋನು ಕಣ್ಣಿಗೆ ಹಿಡಿದು, ಆ ಊರಿನವರು ಈ ಊರಿಗೆ ತಮ್ಮ ಒಳ್ಳೆಯ ಆಟಗಾರನನ್ನು ಕೊಟ್ಟುಬಿಟ್ಟರು, ಬದಲಿಗೆ ಮೂವರು ಹೊಸಬರನ್ನು ಪಡೆದರು ಎಂದು ನನಗೆ ಓದಿ ಹೇಳುತ್ತಾರೆ. ನಾನು ಮೊದಮೊದಲು ಬೆಚ್ಚಿಬೀಳುತ್ತಿದ್ದೆ. ಹೆಂಡತಿ, ಮಕ್ಕಳು, ಹೊಲಿಸಿದ ಪರದೆಗಳು ಇರುವ ಮನುಷ್ಯನನ್ನು ಬೆಳಗಾಗುವಷ್ಟರಲ್ಲಿ ಬೇರೆ ಊರಿಗೆ ದಾಟಿಸುವುದೆಂದರೇನು? ಆಮೇಲೆ ಯೋಚಿಸಿದೆ. ಎರಡು ವರ್ಷದ ಕಾಂಟ್ರಾಕ್ಟು, ಕೆಲಸ ಬದಲಾಯಿಸಲು ಮಾಲಕನಿಂದ ರಿಲೀಸ್, ರಿಲೀಸಿಗಾಗಿ ಕಾಯುವುದು, ಸಿಕ್ಕಿದ ದಿನ ಸ್ವೀಟು ಹಂಚುವುದು, ಇದೆಲ್ಲ ನಮಗೆ ಹೊಸತೇ? ಬೇಕಾದ ತಂಡಕ್ಕೆ ಹೋಗಬಲ್ಲವನನ್ನು ಅಲ್ಲಿ ಅವರು ಫ್ರೀ ಏಜೆಂಟ್ ಎಂದರೆ ನಮ್ಮ ತಂಡದವರು ರಿಲೀಸ್ ಸಿಕ್ಕಿದವನು ಎನ್ನುತ್ತಾರೆ. ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಗುತ್ತದೆ.

ನಮ್ಮ ಲೀಗು ಚಿಕ್ಕದು. ಒಂದು ತಂಡಕ್ಕೆ ಹದಿನೈದು ಹೆಸರು. ಒಬ್ಬನನ್ನು ತೆಗೆದುಕೊಂಡರೆ ಮೂರು ಸೀಸನ್ ಅವನು ಆ ತಂಡದವನು, ಆಮೇಲೆ ಸ್ವತಂತ್ರ. ಪಟ್ಟಿ ಆಗಸ್ಟಿನ ಕೊನೆಯ ಗುರುವಾರ ಸಂಜೆಯೊಳಗೆ ಕೊಡಬೇಕು. ಹೋದ ವರ್ಷದ ಬೇಸಿಗೆಯಲ್ಲಿ ನಮ್ಮ ಇಬ್ಬರು ಚೆಂಡೆಸೆಯುವವರು ಒಟ್ಟಿಗೇ ಊರಿಗೆ ಶಾಶ್ವತವಾಗಿ ಹೊರಟರು. ಫ್ರಿಜ್ಜಿನ ಮೇಲೆ ಎರಡು ಖಾಲಿ ಜಾಗ. ಒಂದು ತುಂಬಿತು. ಉಳ್ಳಾಲದ ಅಶ್ರಫ್, ಬಿಡಿಭಾಗಗಳ ಅಂಗಡಿಯವನು, ಗಾಳಿಯಂತೆ ಓಡುವವನು, ಅವನ ತಂಡ ಒಡೆದು ಸ್ವತಂತ್ರನಾಗಿದ್ದ. ಅವನು ಕೇಳಿದ್ದು ಒಂದೇ ಒಂದು, ಆಟ ಹತ್ತೂವರೆಗೆ ಮುಗಿಯುತ್ತದಲ್ಲ ಎಂದು. ನನ್ನ ಗಡಿಯಾರ ತೋರಿಸಿದೆ. ಸಹಿ ಹಾಕಿದ.

ಆದರೆ ಎಸೆಯುವವನೇ ಇಲ್ಲ. ಫಿಲಿಪೀನ್ಸಿನವರ ತಂಡದ ಮ್ಯಾನೇಜರ್ ರೊಡೆಲ್, ಉಮ್ ಅಲ್ ಹಸ್ಸಮ್‌ನಲ್ಲಿ ಬೇಕರಿ ಇಟ್ಟುಕೊಂಡವನು, ಅವನಲ್ಲಿ ಜೋಯಲ್ ಎಂಬ ಒಳ್ಳೆಯ ಎಡಗೈ ಎಸೆತಗಾರನಿದ್ದ. ಬೇಕರಿಗೆ ಹೋದೆ. ರೊಡೆಲ್ ಬಿಸಿ ಬನ್ನು ಮುಂದಿಟ್ಟು, ಜೋಯಲ್‌ನನ್ನು ಕೊಡುತ್ತೇನೆ, ವಲೇರಿಯನ್‌ನನ್ನು ಕೊಡಿ ಎಂದ. ಕಿರುಗುಟ್ಟುವ ಮಂಡಿಗೆ ಬದಲಾಗಿ ಎಡಗೈ ಎಸೆತ! ಇವನಿಗೆ ಬುದ್ಧಿ ಸರಿಯಿದೆಯೇ ಎಂದುಕೊಂಡೆ. ಕಾಗದವನ್ನು ಎರಡು ಸಲ ಓದಿ ಸಹಿ ಹಾಕಿದೆ. ಓದಿದ್ದು ಕಣ್ಣು. ಅರ್ಥ ಮಾಡಿಕೊಂಡದ್ದು ಅಜ್ಜಿಯ ಗೋಡೆ.

ಸಂಜೆ ತಂಡದವರನ್ನೆಲ್ಲ ಮನೆಗೆ ಕರೆದು ಹೇಳಿದೆ.

“ಒಂದು ಸೀಸನ್ ಅಷ್ಟೆ ವಲೇರಿಯನ್. ಡ್ಯೂಟಿ ಎಕ್ಸ್‌ಚೇಂಜ್ ಅಂತ ತಿಳ್ಕೊ. ಮಾರ್ಚಿಗೆ ನೀನು ವಾಪಸ್, ಅವನು ವಾಪಸ್.”

ನಮ್ಮವರು ಬಾಯಿ ತೆರೆದು ಮತ್ತೆ ಮುಚ್ಚಿದರು. ಚಹಾ ಬಿಸಿಯಿರಬೇಕು ಎಂದುಕೊಂಡೆ. ವಲೇರಿಯನ್ ನನ್ನ ಮುಖವನ್ನು ಒಂದು ಕ್ಷಣ ನೋಡಿದ.

“ಆಯ್ತು ಸಿಸ್ಟರ್. ನೀವು ಹೇಳಿದ ಹಾಗೆ.”

ನಾನು ಅವನ ಹೆಸರಿನ ಪ್ಲಾಸ್ಟರನ್ನು ಕಿತ್ತು, ರಜೆಯವರ ಸಾಲಿಗೆ ಅಂಟಿಸಿದೆ.

ಈಗ ನನ್ನ ಸನ್ನೆಗಳ ವಿಷಯ ಹೇಳಬೇಕು. ನಮ್ಮ ತಂಡ ಬ್ಯಾಟು ಹಿಡಿದಾಗ ನಾನು ಮೂರನೆಯ ಬೇಸಿನ ಬದಿಗೆ ಕೂತು ಸನ್ನೆ ಕೊಡುತ್ತೇನೆ. ಬೇಸು ಎಂದರೆ ಓಡುವವನು ಒಂದರಿಂದ ಒಂದಕ್ಕೆ ದಾಟಬೇಕಾದ ಮೈದಾನದ ಮೂಲೆ. ಕನ್ನಡಕ ಮೇಲೆ ಸರಿಸಿದರೆ, ಬೀಸಬೇಡ, ಕಾಯು. ಎದೆಗೆ ಸಿಕ್ಕಿಸಿದ ನರ್ಸಿನ ಗಡಿಯಾರ ಮುಟ್ಟಿದರೆ, ಚೆಂಡನ್ನು ಮೆಲ್ಲಗೆ ತಟ್ಟು. ಕೊಡೆ ಮುಚ್ಚಿದರೆ, ಬೇಸಿನಲ್ಲಿ ನಿಂತವನು ಎಸೆತದ ನಡುವೆಯೇ ಮುಂದಿನ ಬೇಸಿಗೆ ಓಟ ಕೀಳಬೇಕು. ಎದುರಾಳಿ ಕ್ಯಾಚರನಿಗೆ ಇದು ಮೊದಲೇ ತಿಳಿದರೆ ಅವನು ಸಿದ್ಧನಾಗಿ ಚೆಂಡನ್ನು ಅಲ್ಲಿಗೆ ಎಸೆದು ಓಡುವವನನ್ನು ಔಟ್ ಮಾಡುತ್ತಾನೆ. ಈ ಮೂರು ಸನ್ನೆ ಕಲಿಸಲು ನನಗೆ ಒಂದು ಇಡೀ ಸೀಸನ್ ಹಿಡಿದಿತ್ತು. ವಲೇರಿಯನ್‌ಗೆ ಮೂರೂ ಗೊತ್ತು. ಬದಲಾಯಿಸು ಎಂದು ನಮ್ಮವರು ಅಂದರು. ಮಾರ್ಚಿಗೆ ಬರುವವನಿಗಾಗಿ ಎಲ್ಲರಿಗೂ ಹೊಸತಾಗಿ ಯಾರು ಕಲಿಸುತ್ತಾರೆ ಎಂದೆ.

ರೊಡೆಲ್‌ನ ತಂಡದ ಎದುರು ನಮ್ಮ ಮೊದಲ ಆಟ. ವಲೇರಿಯನ್ ಅವರ ಹಳದಿ ಅಂಗಿಯಲ್ಲಿ ನಮ್ಮ ಬ್ಯಾಟುಗಾರರ ಹಿಂದೆ ಕೂತ. ಆ ದಿನ ನಾನು ಕಂಡದ್ದನ್ನು ಹೇಗೆ ಹೇಳಲಿ? ಹನ್ನೊಂದು ವರ್ಷ ನಾನು ಅವನ ಮಂಡಿಯ ಸದ್ದು ಕೇಳುತ್ತಿದ್ದಾಗ ಅವನು ನಮ್ಮ ಪ್ರತಿಯೊಬ್ಬನನ್ನೂ ಓದುತ್ತಿದ್ದ. ರಾತ್ರಿ ಪಾಳಿ ಮುಗಿಸಿ ಬಂದವನು ಬ್ಯಾಟನ್ನು ಒಂದು ಅಂಗುಲ ಕೆಳಗೆ ಹಿಡಿಯುತ್ತಾನೆ, ಅವನಿಗೆ ವೇಗದ ಚೆಂಡು. ಊರಿನಿಂದ ಫೋನು ಬಾರದೆ ಸಿಟ್ಟಿನಲ್ಲಿರುವವನು ಮೊದಲ ಚೆಂಡಿಗೇ ಬೀಸುತ್ತಾನೆ, ಅವನಿಗೆ ದೂರದ ಚೆಂಡು. ನನ್ನ ಬಳಿ ಮೂರು ನೋಟುಪುಸ್ತಕ ಇವೆ. ಅವುಗಳಲ್ಲಿ ಇದು ಒಂದೂ ಇಲ್ಲ. ನಮ್ಮ ಬ್ಯಾಟುಗಾರರು ಒಬ್ಬೊಬ್ಬರಾಗಿ ಬಂದು ಒಬ್ಬೊಬ್ಬರಾಗಿ ಮರಳಿದರು. ನಾನು ಬೆರಗಾಗಿ ಕೂತಿದ್ದೆ. ಸೋಲುತ್ತಿದ್ದೇವೆ ಎಂಬುದು ಬಹಳ ತಡವಾಗಿ ನೆನಪಾಯಿತು.

ಒಂದೇ ವಿಚಿತ್ರ. ನಾನು ಕೊಡೆಗೆ ಕೈ ಹಾಕಿದಾಗೆಲ್ಲ ವಲೇರಿಯನ್ ಕತ್ತನ್ನು ಬಲಕ್ಕೆ, ಸಮುದ್ರದ ಕಡೆಗೆ, ಪೂರ್ತಿಯಾಗಿ ತಿರುಗಿಸುತ್ತಿದ್ದ. ನಾನು ಕೊಡೆ ಮುಚ್ಚಿ ಕೈ ಮಡಿಲಲ್ಲಿಟ್ಟ ಮೇಲೆಯೇ ತಿರುಗಿ ನೋಡುತ್ತಿದ್ದ. ಹಾಗೆ ನಮ್ಮ ಅಶ್ರಫ್ ಎರಡು ಸಲ ಕದ್ದೋಡಿ ಮುಂದಿನ ಬೇಸು ಮುಟ್ಟಿದ. ಆಟ ಮುಗಿದ ಮೇಲೆ ನಾನು ವಲೇರಿಯನ್‌ನನ್ನು ಕರೆದು, ಕುತ್ತಿಗೆ ನರ ಹಿಡಿದಿದೆ, ರಾತ್ರಿ ಬಿಸಿನೀರಿನ ಚೀಲ ಇಟ್ಟುಕೋ, ತಲೆದಿಂಬು ತೆಳ್ಳಗಿರಲಿ ಎಂದು ಬುದ್ಧಿ ಹೇಳಿದೆ. ಮುಲಾಮನ್ನೂ ಕೊಟ್ಟೆ. ಅವನು ಎರಡು ಕೈಯಲ್ಲಿ ತೆಗೆದುಕೊಂಡು ಥ್ಯಾಂಕ್ಸ್ ಸಿಸ್ಟರ್ ಎಂದ.

ಕಾರು ಸೇತುವೆ ದಾಟುವಾಗ ನಮ್ಮವರು ಹೇಳಿದರು.

“ಲಿಲ್ಲಿ, ಅವನ ಕುತ್ತಿಗೆಗೆ ಎಂತದೂ ಆಗ್ಲಿಲ್ಲ. ನಿನ್ನ ಸನ್ನೆ ಕಣ್ಣಿಗೆ ಬೀಳ್ಬಾರ್ದು ಅಂತ ಆಚೆ ನೋಡುದು.”

ಆ ದಿನ ಮೀನು ಹೊತ್ತಿಹೋಯಿತು. ನನ್ನ ಒಲೆಯ ಮೇಲೆ ಮೀನು ಹೊತ್ತಿದ್ದು ಅದೇ ಮೊದಲು. ಮಧ್ಯಾಹ್ನ ಫೋನು ಮಾಡಿ ಕೇಳಿದೆ. ನಮ್ಮ ಬ್ಯಾಟುಗಾರರ ಗುಟ್ಟನ್ನೆಲ್ಲ ಬಳಸಿದೆಯಲ್ಲ, ಸನ್ನೆಗೆ ಮಾತ್ರ ಯಾಕೆ ಕಣ್ಣು ತಿರುಗಿಸಿದೆ? ಆಚೆಯಿಂದ ಲಾಂಡ್ರಿಯ ಯಂತ್ರದ ಸದ್ದಿನ ನಡುವೆ ಅವನ ಉತ್ತರ ಬಂತು.

“ಅಲ್ಲಿ ಕೂತು ನಾನೇ ನೋಡಿದ್ದು ನನ್ನದು ಸಿಸ್ಟರ್. ನೀವು ಮನೆಗೆ ಕರೆದು ಹೇಳಿಕೊಟ್ಟದ್ದು ನಿಮ್ಮದು.”

ನಾನು ಮೂವತ್ತು ವರ್ಷ ಬೀಗದ ಕೈಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದವಳು. ಬೀಗವೇ ಇಲ್ಲದೆ ಇಷ್ಟು ಭದ್ರವಾಗಿ ಮುಚ್ಚಿದ ಬಾಗಿಲನ್ನು ನೋಡಿರಲಿಲ್ಲ. ಆಗಲೇ ಸನ್ನೆ ಬದಲಾಯಿಸಬೇಕಿತ್ತು. ಆದರೆ ತಿಂಗಳ ನಡುವೆ ಪಟ್ಟಿ ತಿದ್ದುವ ಅಭ್ಯಾಸ ನನಗಿಲ್ಲ. ಮಾರ್ಚಿಗೆ ಬರುತ್ತಾನಲ್ಲ ಎಂಬ ಸಮಾಧಾನ ಬೇರೆ.

ಮಾರ್ಚ್ ಬಂತು. ಕೊನೆಯ ಆಟದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬೇಕರಿಗೆ ಹೋಗಿ, ಜೋಯಲ್‌ನನ್ನು ವಾಪಸು ತಂದಿದ್ದೇನೆ, ನನ್ನ ವಲೇರಿಯನ್‌ನನ್ನು ಕೊಡಿ ಎಂದೆ. ಪಾಪ, ಜೋಯಲ್ ನಿಜವಾಗಿಯೂ ಕಾರಿನಲ್ಲಿ ಕೂತಿದ್ದ. ಹೆದರಿಕೆಗೆ ಏನೂ ಕೇಳದೆ ಬಂದಿದ್ದ. ರೊಡೆಲ್ ಕಾಗದ ತೆಗೆದು ಬೆರಳಿಟ್ಟು ತೋರಿಸಿದ. ಟ್ರೇಡ್ ಎಂದರೆ ಕೊಟ್ಟದ್ದು ಕೊಟ್ಟದ್ದೇ. ಮೂರು ಸೀಸನ್. ಹಿಂತಿರುಗಿಸುವ ಮಾತು ಎಲ್ಲಿಯೂ ಇರಲಿಲ್ಲ. ನಾನು ಕೈಯಾರೆ ಸಹಿ ಹಾಕಿದ್ದೆ.

ಅಂದರೆ ಹದಿನೈದು ಜನರ ಎದುರು ನಾನು ಒಬ್ಬನಿಗೆ ಸುಳ್ಳು ಮಾತು ಕೊಟ್ಟಿದ್ದೆ. ಆ ಮಾತಿನ ಮೇಲೆ ಅವನು ತನ್ನ ಹನ್ನೊಂದು ವರ್ಷದ ತಂಡವನ್ನು ಬಿಟ್ಟು ಹೋಗಿದ್ದ. ರೊಡೆಲ್ ಒಳ್ಳೆಯವನು. ಕುರ್ಚಿ ಎಳೆದು ಕೂರಿಸಿದ.

“ಮ್ಯಾಡಮ್, ಅವನು ಸಮುದ್ರ ನೋಡುವುದು ನನಗೂ ಕಂಡಿದೆ. ನಿಮ್ಮ ಗುಟ್ಟು ಕಾಯುವವನು ನನ್ನದನ್ನೂ ಕಾಯುತ್ತಾನೆ. ಅದಕ್ಕೇ ಅವನು ಬೇಕು. ಆದರೆ ಅವನೇ ಬಾಯಿಬಿಟ್ಟು ಕೇಳಿದರೆ ನಾನು ತಡೆಯುವುದಿಲ್ಲ.”

ಬಿಡುಗಡೆಯ ಕಾಗದವನ್ನು ಅಲ್ಲೇ ಬರೆಸಿಕೊಂಡೆ. ವಲೇರಿಯನ್‌ನ ಒಂದು ಸಹಿ ಸಾಕು. ಮುಂದಿನ ಶುಕ್ರವಾರ ಸಂಜೆ ಚರ್ಚಿನ ಪೂಜೆ ಮುಗಿಸಿ ಇಗರ್ಜಿಯ ಅಂಗಳಕ್ಕೆ ಬಂದವನನ್ನು ನಿಲ್ಲಿಸಿ, ನನ್ನ ತಪ್ಪನ್ನು ಒಂದೂ ಬಿಡದೆ ಹೇಳಿದೆ. ಅವನು ತಲೆ ಬಗ್ಗಿಸಿ ಕೇಳಿದ.

“ಗೊತ್ತಿತ್ತು ಸಿಸ್ಟರ್.”

“ಗೊತ್ತಿದ್ದರೆ ಆ ದಿನವೇ ಯಾಕೆ ಹೇಳ್ಲಿಲ್ಲ?”

“ಅಷ್ಟು ಜನರ ಎದುರು ಹೇಗೆ ಹೇಳುದು ನಿಮಗೆ? ಮತ್ತೆ ಜೋಯಲ್ ಬರ್ಬೇಕಿತ್ತಲ್ಲ ನಮಗೆ.”

ನಮಗೆ ಎಂದ. ಅವನನ್ನು ಕೊಟ್ಟುಬಿಟ್ಟ ಮೇಲೂ, ಮೈಮೇಲೆ ಹಳದಿ ಅಂಗಿ ಬಂದ ಮೇಲೂ, ನಮಗೆ. ನಾನು ಪೆನ್ನಿನ ಮುಚ್ಚಳ ತೆಗೆದು ಕಾಗದ ಮುಂದೆ ಹಿಡಿದೆ. ಅವನು ಪೆನ್ನನ್ನು ತೆಗೆದುಕೊಂಡ, ಮುಚ್ಚಳ ಹಾಕಿದ, ಹಿಂದಕ್ಕೆ ಕೊಟ್ಟ.

“ಆಗುದಿಲ್ಲ ಸಿಸ್ಟರ್. ರೊಡೆಲ್‌ನವರು ಮನೆಗೆ ಕರೆದು ಊಟ ಹಾಕಿ ಅವರ ಸನ್ನೆ ಎಲ್ಲ ಹೇಳಿಕೊಟ್ಟಿದ್ದಾರೆ. ಈಗ ನಿಮ್ಮಲ್ಲಿಗೆ ಬಂದು ಕೂತ್ರೆ, ಅವರು ಸನ್ನೆ ಮಾಡುವಾಗ ನಾನು ಎಲ್ಲಿ ನೋಡುದು? ಅವರು ನಿಲ್ಲುದು ಕಡಲಿನ ಬದಿಗೇ ಅಲ್ವಾ. ಈಚೆ ಬದಿ ಬರೀ ಪಾರ್ಕಿಂಗ್ ಉಂಟು.”

ನಾನು ನಗಬೇಕೋ ಅಳಬೇಕೋ ತಿಳಿಯದೆ ಕಾಗದವನ್ನು ನಾಲ್ಕು ಮಡಿಕೆ ಮಾಡಿದೆ. ಮಡಿಕೆಗಳು ಸಮವಾಗಿದ್ದವು. ಕೈಗೆ ಅಷ್ಟು ಅಭ್ಯಾಸ.

ಕೊಟ್ಟ ಮಾತನ್ನು ಉಳಿಸಿಕೊಳ್ಳುವ ದಾರಿ ಮುಚ್ಚಿತು. ಆದರೆ ಒಂದು ಕೆಲಸ ನನ್ನ ಕೈಯಲ್ಲಿತ್ತು. ಐವತ್ತು ದಾಟಿದ ಕ್ಯಾಚರ್ ಇನ್ನೂ ಎರಡು ಸೀಸನ್ ನನ್ನ ಕೊಡೆಗೆ ಹೆದರಿ ಕತ್ತು ತಿರುಗಿಸುವುದು ಬೇಡ. ಆ ಬೇಸಿಗೆಯಿಡೀ, ವಾರಕ್ಕೆ ಎರಡು ದಿನ, ನಮ್ಮ ಹಾಲಿನ ಸೋಫಾಗಳನ್ನು ಗೋಡೆಗೆ ಸರಿಸಿ, ಏಸಿ ಹಾಕಿ, ತಂಡಕ್ಕೆ ಹೊಸ ಸನ್ನೆ ಕಲಿಸಿದೆ. ಅಶ್ರಫ್ ನಾನು ಕನ್ನಡಕ ಒರೆಸಿಕೊಂಡರೂ ಟೀಪಾಯಿಯಿಂದ ಬಾಗಿಲಿಗೆ ಓಡುತ್ತಿದ್ದ. ಕೆಳಗಿನ ಮನೆಯವರು ಎರಡು ಸಲ ಮೇಲೆ ಬಂದರು. ಇನ್ನು ಕನ್ನಡಕ, ಗಡಿಯಾರ, ಕೊಡೆ ಯಾವುದಕ್ಕೂ ಅರ್ಥವಿಲ್ಲ. ಓಡು ಎನ್ನುವುದಕ್ಕೆ ಹೊಸ ಸನ್ನೆ, ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುವುದು. ಯಾರಿಗೂ ಅನುಮಾನ ಬರುವಂಥದ್ದಲ್ಲ ಎಂದು ನನಗೆ ಹೆಮ್ಮೆ.

ಈ ನವೆಂಬರಿನಲ್ಲಿ ಹಳದಿ ಅಂಗಿಯವರೆದುರು ಮೊದಲ ಆಟ. ಬಿಸಿಲಿಗೆಂದು ನಾನು ಕೊಡೆ ತೆಗೆದೆ. ವಲೇರಿಯನ್‌ನ ಮುಖ ತನ್ನಷ್ಟಕ್ಕೆ ಸಮುದ್ರಕ್ಕೆ ತಿರುಗಿತು. ನಾನು ಎದ್ದು ನಿಂತೆ. ಆಟದ ನಡುವೆ ನಾನು ಕುರ್ಚಿಯಿಂದ ಎದ್ದವಳಲ್ಲ.

“ವಲೇರಿಯನ್, ಈಚೆ ನೋಡು. ಎಲ್ಲ ಬದಲಾಯಿಸಿದ್ದೇನೆ. ನಿನಗೆ ಗೊತ್ತಿರುವುದು ಈಗ ಒಂದೂ ಇಲ್ಲ.”

ಅವನು ಮೆಲ್ಲಗೆ ಮುಖ ತಿರುಗಿಸಿದ. ಜಾಲರಿಯನ್ನು ಮೇಲಕ್ಕೆತ್ತಿ ನನ್ನನ್ನು ನೋಡಿದ. ಒಂದು ವರ್ಷದ ನಂತರ ಆಟದ ನಡುವೆ ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು. ಜಾಲರಿ ಇಳಿಸಿ, ಮಂಡಿ ಕಿರುಗುಟ್ಟಿಸಿ ಕೂತ.

ಎರಡನೆಯ ಸರದಿಯಲ್ಲಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ. ಅಶ್ರಫ್ ಓಡಿದ, ತಲುಪಿದ. ನಾನು ಒಳಗೊಳಗೇ ಸುಪರಿಂಟೆಂಡೆಂಟ್ ಸಿಸ್ಟರಿಗೆ ಒಂದು ಸಲಾಮು ಹೊಡೆದೆ. ನಾಲ್ಕನೆಯದರಲ್ಲಿ ಅವನು ಮತ್ತೆ ಮೊದಲ ಬೇಸಿನಲ್ಲಿದ್ದ. ಮುಚ್ಚಳಕ್ಕೆ ಕೈ ಹಾಕಿದೆ. ವಲೇರಿಯನ್ ನನ್ನನ್ನೇ ನೇರವಾಗಿ ನೋಡುತ್ತಿದ್ದ. ಚೆಂಡು ಅವನ ಗ್ಲೌಸಿಗೆ ಬಂದದ್ದು ಕಂಡಿತು, ಹೋದದ್ದು ಕಾಣಲಿಲ್ಲ. ಅಶ್ರಫ್ ಎರಡನೆಯ ಬೇಸಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಚೆಂಡು ಅಲ್ಲಿ ಕಾಯುತ್ತಿತ್ತು. ಐವತ್ತು ದಾಟಿದ ಕೈ. ದಿನವಿಡೀ ಹೋಟೆಲಿನ ಒದ್ದೆ ಚಾದರ ಎತ್ತುವ ಕೈ.

ಹತ್ತೂವರೆಗೆ ಆಟ ಮುಗಿಯಿತು. ಸೋತೆವು. ವಲೇರಿಯನ್ ಗ್ಲೌಸನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಕುರ್ಚಿಯ ಹತ್ತಿರ ಬಂದ. ಈ ಗುಟ್ಟು ನಿನಗೆ ಹೇಳಿದ್ದು ಯಾರು ಎಂದು ವಾರ್ಡಿನ ದನಿಯಲ್ಲೇ ಕೇಳಿದೆ.

“ಯಾರೂ ಹೇಳ್ಲಿಲ್ಲ ಸಿಸ್ಟರ್. ನಾನೇ ನೋಡಿದ್ದು.” ಅವನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಮೊದಲ ಕಪ್ಪನ್ನು ನನ್ನ ಕೈಗೇ ಕೊಟ್ಟ. “ಹನ್ನೊಂದು ವರ್ಷದಲ್ಲಿ ಆಟದ ನಡುವೆ ನೀವು ಒಂದು ಸಲವೂ ಇದನ್ನು ಮುಟ್ಟಿದವರಲ್ಲ.”